ಅಕ್ಕನಿಗೆಂದು ಇಳಿಸಿದ ತೂಕ

ಬೆಲೆಯನ್ನು ಕಡೆಗೆ ಹೇಳುವ ವ್ಯಾಪಾರಿಯನ್ನು ನಾನು ನಂಬುವುದಿಲ್ಲ, ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಮೈತೂಕ ಇಳಿಸಲು ನಾನು ತೆತ್ತದ್ದು ಇಷ್ಟು: ಗಂಗಾವತಿಯ ಗಂಜಿನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ನನ್ನ ನಾಲಿಗೆಗಿದ್ದ ಹೆಸರು, ಕೆಲವು ಮಿಲ್ಲುಗಳ ಕಾಯಂ ವ್ಯವಹಾರ, ಒಬ್ಬ ಸಾಹುಕಾರರ ಸ್ನೇಹ. ಚೆಂದ ಕಾಣಲಿ ಎಂದು ಇಷ್ಟನ್ನು ಕೊಟ್ಟವನಲ್ಲ. ನನ್ನ ಅಕ್ಕನ ಎರಡೂ ಕಿಡ್ನಿ ಕೆಟ್ಟಿದ್ದವು. ನನ್ನದೊಂದನ್ನು ಅವಳಿಗೆ ಕೊಡಬೇಕಾಗಿತ್ತು. ಇಷ್ಟು ದಪ್ಪ ಇರುವವನ ಕಿಡ್ನಿ ತೆಗೆಯಲು ಬರುವುದಿಲ್ಲ ಎಂದರು. ಇಳಿಸಿದೆ. ಅಕ್ಕ ಉಳಿಯಲಿಲ್ಲ. ಕೊಟ್ಟದ್ದು ಹೋಯಿತು, ಕೊಳ್ಳಲು ಹೋದದ್ದು ಸಿಗಲಿಲ್ಲ. ಆದರೂ ಆ ದಾರಿಯಲ್ಲಿ ನಾನು ತಿಳಿದುಕೊಂಡದ್ದು ಬೇರೆ ಯಾರಿಗಾದರೂ ಒದಗಲಿ ಎಂದು ಬರೆಯುತ್ತಿದ್ದೇನೆ.

ನಾನು ಅಕ್ಕಿಯ ದಲ್ಲಾಳಿ. ಅಕ್ಕನನ್ನು ಯಲಬುರ್ಗಾಕ್ಕೆ ಕೊಟ್ಟಿದ್ದರು. ಅಲ್ಲಿಯ ಸಂತೆಯಲ್ಲಿ ಕಾಯಿಪಲ್ಯ ಮಾರುತ್ತಿದ್ದಳು. ಚೌಕಾಸಿಯನ್ನು ನಾನು ಕಲಿತದ್ದು ಅವಳ ತಕ್ಕಡಿಯ ಪಕ್ಕದಲ್ಲಿ ಕುಳಿತೇ. ಅವಳಿಗೆ ಮಕ್ಕಳಿರಲಿಲ್ಲ. ಅವಳ ಗಂಡನಿಗೆ ಸಕ್ಕರೆ ಕಾಯಿಲೆ, ಆದ್ದರಿಂದ ಅವರು ಕೊಡುವಂತಿರಲಿಲ್ಲ. ವಾರಕ್ಕೆ ಎರಡು ಸಲ ಕೊಪ್ಪಳಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರುತ್ತಿದ್ದಳು. ಉಳಿದವನು ನಾನೊಬ್ಬ.

ಕಿಡ್ನಿ ಕೂಡಿಸುವ ಡಾಕ್ಟರು ಹುಬ್ಬಳ್ಳಿಯಲ್ಲಿದ್ದರು. ರಿಪೋರ್ಟುಗಳನ್ನೆಲ್ಲ ನೋಡಿ, "ರಕ್ತ ಕೂಡತದ, ಉಳಿದದ್ದೂ ಕೂಡತದ. ನಿಮ್ಮ ತೂಕ ಒಂದು ಕೂಡಂಗಿಲ್ಲ" ಎಂದರು. "ಸಕ್ಕರಿ ಬಾಗಲ್ದಾಗ ಬಂದು ನಿಂತದ. ಒಂದು ಕಿಡ್ನಿ ತಗದು ಇನ್ನೊಂದರ ಮ್ಯಾಲೆ ಇಷ್ಟು ಭಾರ ಹೇರಿದರ, ನಾಳೆ ಡಯಾಲಿಸಿಸ್‌ಗೆ ನಿಮ್ಮ ಅಕ್ಕನ ಬಾಜೂ ಕುರ್ಚಿಗೆ ನೀವ ಬಂದು ಕೂಡತೀರಿ."

"ಎಷ್ಟು ಇಳಸಬೇಕ್ರಿ?"

"ಇಪ್ಪತ್ತೈದು ಕೆಜಿ."

"ಹದಿನೈದಕ್ಕ ಮುಗಸ್ರಿ ಡಾಕ್ಟ್ರೇ."

ಅವರು ನನ್ನ ಮುಖ ನೋಡಿದರು. ನಾನು ಬಿಡಲಿಲ್ಲ. "ಹೋಗ್ಲಿ, ಹದಿನೆಂಟು. ಮ್ಯಾಲೆ ಅರ್ಧ ಕೆಜಿ ನಿಮ್ಮ ಖುಷಿ."

ಹಿಂದಿನ ಬೆಂಚಿನ ಮೇಲೆ ಕುಳಿತಿದ್ದ ಅಕ್ಕ ಸೆರಗು ಬಾಯಿಗೆ ಹಿಡಿದು ನಕ್ಕಳು. "ಇಲ್ಲಿ ನಿನ್ನ ದಲ್ಲಾಳಿತನ ತಗೀಬ್ಯಾಡೋ ಮಾರಾಯಾ. ಡಾಕ್ಟ್ರೇ, ಇವಗ ಮೂವತ್ತು ಹೇಳ್ರಿ, ಇಪ್ಪತ್ತೈದಕ್ಕ ಬರ್ತಾನ!"

ಡಾಕ್ಟರೂ ನಕ್ಕರು, ಆದರೆ ಒಂದು ಗ್ರಾಂ ಬಿಡಲಿಲ್ಲ. ಇಪ್ಪತ್ತೈದು ಕೆಜಿ ಎಂದರೆ ನಾವು ಮಾರುವ ಅಕ್ಕಿಯ ಒಂದು ಚೀಲ. ಅಷ್ಟು ದಿನ ಒಂದು ಚೀಲವನ್ನು ಹೊಟ್ಟೆಗೆ ಕಟ್ಟಿಕೊಂಡು ಗಂಜಿನ ಮೆಟ್ಟಿಲು ಹತ್ತುತ್ತಿದ್ದೆ ಎನ್ನುವುದು ಆಗ ನನ್ನ ತಲೆಗೆ ಬಂತು.

ಅದೇ ಆಸ್ಪತ್ರೆಯಲ್ಲಿ ಊಟದ ಸಲಹೆ ಹೇಳುವ ಹೆಣ್ಣುಮಗಳೊಬ್ಬಳಿದ್ದಳು. ಅನ್ನ ಬಂದ್, ಚಹಾದ ಸಕ್ಕರೆ ಬಂದ್, ಮುಂಜಾನೆಯ ಮಿರ್ಚಿ ಮಂಡಕ್ಕಿ ಬಂದ್. ಬೆಳಿಗ್ಗೆ ನೆನೆಸಿದ ಹೆಸರುಕಾಳು, ಮಧ್ಯಾಹ್ನ ಒಂದು ಜೋಳದ ರೊಟ್ಟಿ, ಅದರ ಮೂರು ಪಟ್ಟು ಪಲ್ಯ, ನೀರು ಮಜ್ಜಿಗೆ. ಹೊತ್ತು ಮುಳುಗುವ ಮೊದಲು ಇನ್ನೊಂದು ರೊಟ್ಟಿ, ಬೇಳೆ. ಇಷ್ಟೇ. ನನ್ನ ಹೆಂಡತಿ ಮದುವೆಯಾದ ಮೇಲೆ ರೊಟ್ಟಿ ಬಡಿಯುವುದನ್ನೇ ಬಿಟ್ಟಿದ್ದಳು. ಕಾಲುವೆ ನೀರಿಗೆ ಭತ್ತ ಬೆಳೆಯುವ ನಮ್ಮ ಸೀಮೆಯಲ್ಲಿ ಎರಡು ಹೊತ್ತೂ ಅನ್ನವೇ. ಅವಳು ಹಂಚು ಹುಡುಕಿ ತೆಗೆದು ತೊಳೆದಳು. ಮೊದಲ ವಾರದ ರೊಟ್ಟಿಗಳೆಲ್ಲ ಹರಿದವು. "ಹರದ ರೊಟ್ಟಿಗೆ ತೂಕ ಕಡಿಮಿ, ತಿನ್ರಿ" ಎಂದು ತಾಟಿಗೆ ಹಾಕುತ್ತಿದ್ದಳು.

ಬೆಳಕು ಹರಿಯುತ್ತಲೇ ಕಾಲುವೆಯ ಏರಿಯ ಮೇಲೆ ನಡೆಯಲು ಹೊರಡುತ್ತಿದ್ದೆ. ಮೊದಮೊದಲು ಸ್ವಲ್ಪ ದೂರಕ್ಕೇ ಮೊಳಕಾಲು ಹಿಡಿದುಕೊಳ್ಳುತ್ತಿತ್ತು. ಕುಳಿತು, ಎದ್ದು, ಮತ್ತೆ ನಡೆಯುತ್ತಿದ್ದೆ. ನಿಧಾನವಾಗಿ ದೂರದ ಸೇತುವೆ ಹತ್ತಿರಕ್ಕೆ ಬಂತು. ವಾರಕ್ಕೊಮ್ಮೆ ಮಿಲ್ಲಿನಲ್ಲಿ ಚೀಲ ತೂಗುವ ಯಂತ್ರದ ಮೇಲೆ ನಿಲ್ಲುತ್ತಿದ್ದೆ. ಗಂಜಿನ ಮಂದಿಗೆ ಅದೊಂದು ತಮಾಷೆ.

"ಅಕ್ಕಿ ಮಾರಾವ ರೊಟ್ಟಿ ತಿಂತಾನಂತ! ಏನ್ರಿ, ನಮ್ಮ ಮಾಲಿನ ಮ್ಯಾಲೆ ನಿಮಗ ನಂಬಿಕಿ ಇಲ್ಲೇನ್ರಿ?"

"ಯಂತ್ರದ ಮ್ಯಾಲೆ ನಿಂತಾರ ನೋಡ್ರಿ, ಯಾವ ಪಾರ್ಟಿಗೆ ಲೋಡ್ ಹೊಂಟಾರೋ!"

ಮೊದಲ ತಿಂಗಳು ಚೀಲದ ಕಾಲುಭಾಗ ಇಳಿಯಿತು. ನಾನು ಉಬ್ಬಿದೆ. ಎರಡನೆಯ ತಿಂಗಳು ಯಂತ್ರದ ಅಂಕಿ ಅಲ್ಲೇ ನಿಂತಿತು. ಅದೇ ರೊಟ್ಟಿ, ಅದೇ ಕಾಲುವೆ, ಅದೇ ಬೆವರು, ಅಂಕಿ ಮಾತ್ರ ಕದಲಲಿಲ್ಲ. ಅತ್ತ ಹುಬ್ಬಳ್ಳಿಯಲ್ಲಿ ಮತ್ತೆ ತೂಕ ನೋಡುವ ದಿನ ಹತ್ತಿರ ಬಂದಿತ್ತು.

ಭತ್ತದ ವ್ಯಾಪಾರದಲ್ಲಿ ಇದ್ದವನಿಗೆ ಹೊಳೆಯುವುದು ಒಂದೇ ಉಪಾಯ. ರೈತರು ಹಸಿ ಭತ್ತ ತಂದರೆ ತೇವದ ಲೆಕ್ಕಕ್ಕೆ ತೂಕದಲ್ಲಿ ಕಡಿತ ಹಾಕುತ್ತೇವೆ. ಅದನ್ನೇ ಕಣದಲ್ಲಿ ಹರವಿ ಒಣಗಿಸಿ ತಂದರೆ ಕಡಿತವಿಲ್ಲ. ನಾನು ನನ್ನನ್ನೇ ಒಣಗಿಸಿಕೊಂಡೆ. ಹಿಂದಿನ ದಿನ ಮುಂಜಾನೆಯಿಂದ ನೀರು ಮುಟ್ಟಲಿಲ್ಲ. ಕುಚ್ಚಲಕ್ಕಿಗೆ ಭತ್ತ ಬೇಯಿಸುವ ಮಿಲ್ಲಿನ ಬಾಯ್ಲರ್ ಮನೆಯಲ್ಲಿ ಕುಳಿತು ಬೆವರು ಸುರಿಸಿದೆ. ತುಟಿ ಬಿರುಕು ಬಿಟ್ಟಿತು. ಹುಬ್ಬಳ್ಳಿಯ ತೂಕದ ಯಂತ್ರದಲ್ಲಿ ಅಂಕಿ ಕೆಳಗೆ ಬಂದಿತ್ತು. ನಾನು ಅಕ್ಕನ ಕಡೆಗೆ ಕಣ್ಣು ಮಿಟುಕಿಸಿದೆ.

ರಕ್ತದ ರಿಪೋರ್ಟು ಬಂದ ಮೇಲೆ ಡಾಕ್ಟರು ನಗಲಿಲ್ಲ. "ನೀರು ಕುಡದಿಲ್ಲ ನೀವು. ಕೊಡಬೇಕಾದ ಕಿಡ್ನೀನ ತ್ರಾಸಿಗೆ ಹಾಕೀರಿ. ಈ ತೂಕ ನಾ ಹಿಡಿಯಂಗಿಲ್ಲ" ಎಂದು ಎದ್ದುಹೋದರು.

ಹೊರಗೆ ಕಟ್ಟೆಯ ಮೇಲೆ ಅಕ್ಕ ಕುಳಿತಿದ್ದಳು. ಅವಳಿಗೆ ದಿನಕ್ಕೆ ಇಷ್ಟೇ ನೀರು ಎಂದು ಕಟ್ಟುಹಾಕಿದ್ದರು. ಸಣ್ಣ ಲೋಟದಲ್ಲಿ ಅಳೆದು ಕುಡಿಯುತ್ತಿದ್ದಳು. ಬಾಯಿ ಒಣಗಿದರೆ ಒದ್ದೆ ಬಟ್ಟೆಯನ್ನು ತುಟಿಗೆ ಒತ್ತಿಕೊಳ್ಳುತ್ತಿದ್ದಳು.

"ನನಗ ಕುಡೀಬ್ಯಾಡ ಅಂತಾರ" ಎಂದಳು. "ನಿನಗ ಕುಡಿ ಅಂತಾರ. ಕುಡೀಲಾರದ ಕುಂತಿದ್ದೆಲ್ಲೋ?"

ಅವಳೇ ಎದ್ದು ಹೋಗಿ ಅಂಗಡಿಯಿಂದ ನೀರಿನ ಬಾಟಲಿ ತಂದು ಮುಚ್ಚಳ ತಿರುವಿ ಕೊಟ್ಟಳು.

"ಕುಡಿ. ನನ್ನ ಮುಂದ ಕುಡಿ. ಪೂರಾ ಕುಡಿ, ನಾ ನೋಡತೀನಿ."

ಕುಡಿದೆ. ನನ್ನ ಗಂಟಲು ಏರಿಳಿಯುವುದನ್ನೇ ಅವಳು ನೋಡುತ್ತಿದ್ದಳು. ನಾನು ನುಂಗಿದಾಗಲೆಲ್ಲ ಅವಳ ಗಂಟಲೂ ಕದಲುತ್ತಿತ್ತು. ಬದುಕಿನಲ್ಲಿ ನಾನು ಕುಡಿದ ಯಾವ ನೀರೂ ಅಷ್ಟು ಕಹಿಯಾಗಿರಲಿಲ್ಲ.

ಆ ಸಲ ಅಕ್ಕ ಯಲಬುರ್ಗಾಕ್ಕೆ ಹೋಗದೆ ನನ್ನೊಂದಿಗೆ ಗಂಗಾವತಿಗೆ ಬಂದಳು. "ನೀ ಏನು ತಿಂತೀ ನಾನ ನೋಡತೀನಿ" ಎಂದು ಮನೆಯಲ್ಲಿ ನನ್ನ ತಾಟು ನೋಡಿದಳು. ತಪ್ಪೇನೂ ಕಾಣಲಿಲ್ಲ. ಮರುದಿನ ಅಂಗಡಿಗೇ ಬಂದು ನಾನು ಕೂಡುವ ಗಾದಿಯ ಮೂಲೆಯಲ್ಲಿ ಕುಳಿತಳು, ನಡುವೆ ಒಂದು ಮಿಲ್ಲಿಗೆ ಹೋದಾಗಲೂ ನನ್ನ ಹಿಂದೆಯೇ ಬಂದಳು.

ಅಂಗಡಿಯ ಕೆಲಸ ಹೇಳಿದರೆ ನಿಮಗೆ ಅರ್ಥವಾಗುತ್ತದೆ. ಮಿಲ್ಲಿನವರು ಅಕ್ಕಿಯ ಮಾದರಿಯನ್ನು ಸಣ್ಣ ಪೊಟ್ಟಣದಲ್ಲಿ ಕಳಿಸುತ್ತಾರೆ. ನಾನು ಅಂಗೈಗೆ ಸುರಿದು, ಊದಿ, ನಾಲ್ಕು ಕಾಳನ್ನು ಬಾಯಿಗೆ ಒಗೆದು ಕಡಿಯುತ್ತೇನೆ. ಹಳೆಯದೋ ಹೊಸದೋ, ಬೆರಕೆ ಇದೆಯೋ ಇಲ್ಲವೋ ಹಲ್ಲಿಗೆ ಗೊತ್ತಾಗುತ್ತದೆ. ದೊಡ್ಡ ವ್ಯವಹಾರವಾದರೆ ಮಿಲ್ಲಿಗೇ ಹೋಗಬೇಕು. ಅಲ್ಲಿ ಮಾದರಿಯ ಅನ್ನ ಮಾಡಿಟ್ಟಿರುತ್ತಾರೆ. ಬಿಸಿಯಲ್ಲೊಮ್ಮೆ, ಆರಿದ ಮೇಲೊಮ್ಮೆ ತಿಂದು ನೋಡಬೇಕು. ಕಾರಟಗಿಯ ಮಿಲ್ಲುಗಳಿಂದಲೂ ನನ್ನ ನಾಲಿಗೆಗೆಂದೇ ಮಾದರಿ ಬರುತ್ತಿತ್ತು. ನಾನು "ಹೂಂ" ಅಂದರೆ ಮಾಲು ಲಾರಿಗೆ ಏರುತ್ತಿತ್ತು.

ಮಧ್ಯಾಹ್ನ ನಾನು ರೊಟ್ಟಿ ಗಂಟು ಬಿಚ್ಚುವಾಗ ಅಕ್ಕ ಕೇಳಿದಳು: "ಎಷ್ಟನೇ ಊಟೋ ಇದು?"

"ಮೊದಲನೇದು ಅಕ್ಕಾ."

"ಸುಳ್ಳ. ಮುಂಜಾನಿಂದ ನಿನ್ನ ಬಾಯಿ ನಿಂತೇ ಇಲ್ಲ. ಆ ಮಿಲ್ಲಿನ್ಯಾಗ ಎರಡು ತಾಟು ಅನ್ನ ತಿಂದಿ. ಇಲ್ಲಿ ಬಂದು ಆಡಿನ ಗತೆ ಅಕ್ಕಿ ಮೇಯಾಕತ್ತಿ."

"ಅದು ಊಟ ಅಲ್ಲಕ್ಕ. ಅದು ವ್ಯಾಪಾರ."

"ಹೊಟ್ಟಿಗೆ ಏನು ಗೊತ್ತೋ ಅದು ವ್ಯಾಪಾರ ಅಂತ?"

ನಾನು ನಕ್ಕೆ, ಅವಳು ನಗಲಿಲ್ಲ. "ನೀರು ಕುಡಿಯಾಕ ಸಿಗದಾಕಿಗೆ ಮಂದಿ ಬಾಯಿ ಭಾಳ ಕಾಣತಾವ ತಮ್ಮಾ" ಎಂದಳು.

ಊಟದ ಸಲಹೆಯ ಹೆಣ್ಣುಮಗಳು ನನ್ನನ್ನು ಎಲ್ಲ ಕೇಳಿದ್ದಳು. ಚಹಾ ಕೇಳಿದ್ದಳು, ಬೀಡಾ ಕೇಳಿದ್ದಳು. ಕೆಲಸದಲ್ಲಿ ಬಾಯಿಗೆ ಏನು ಹೋಗುತ್ತದೆ ಎಂದು ಕೇಳಿರಲಿಲ್ಲ, ಅದನ್ನು ಹೇಳಬೇಕೆಂದು ನನಗೂ ಹೊಳೆದಿರಲಿಲ್ಲ.

ಮೊದಲು ಮಧ್ಯದ ದಾರಿ ಹುಡುಕಿದೆ. ಅಗಿದು ಉಗಿದರಾಯಿತು ಎಂದುಕೊಂಡು, ನನ್ನ ಮೇಲೆ ಬಹಳ ವಿಶ್ವಾಸ ಇಟ್ಟಿದ್ದ ಸಾಹುಕಾರರ ಮಿಲ್ಲಿನಲ್ಲಿ ಅನ್ನವನ್ನು ಅಗಿದು ಮೂಲೆಯ ತೊಟ್ಟಿಗೆ ಉಗಿದೆ. ಅವರ ಮುಖ ಕಪ್ಪಾಯಿತು. "ನಮ್ಮ ಅನ್ನ ಉಗಳತೀಯೇನಪಾ? ನಾಯಿನೂ ಉಗಳಂಗಿಲ್ಲ" ಎಂದರು. ಕಾರಣ ಹೇಳಿದೆ. "ಕಾರಣ ಏನರ ಇರಲಿ. ಅನ್ನ ಅನ್ನನ" ಎಂದು ಲೆಕ್ಕದ ಕೋಣೆಗೆ ಹೋಗಿಬಿಟ್ಟರು. ಅವರು ಹೇಳಿದ್ದೂ ತಪ್ಪಲ್ಲ.

ಅಂದು ಮಿಲ್ಲಿನ ಗೇಟಿನ ಹೊರಗೆ ನಿಂತು ನಿರ್ಧಾರ ಮಾಡಿದೆ. ಮಾದರಿ ನೋಡುವ ಕೆಲಸವನ್ನೇ ಬಿಡಬೇಕು, ಇನ್ನು ಮೇಲೆ ಒಂದು ಕಾಳೂ ಬಾಯಿಗೆ ಹೋಗಬಾರದು. ಎದುರಿನ ಅಂಗಡಿಯ ದಲ್ಲಾಳಿಯ ಬಳಿ ನಾನೇ ಹೋಗಿ, "ನನಗ ಬರೋ ಮಿಲ್ಲಿನ ಮಾದರಿ ಇನ್ನ ನೀನ ನೋಡು" ಎಂದೆ. ಹತ್ತಾರು ವರ್ಷ ನನ್ನೊಂದಿಗೆ ಪೈಪೋಟಿ ಮಾಡಿದವನು ಅವನು. "ಹುಷಾರದೀರೇನ್ರಿ?" ಎಂದು ನನ್ನ ಹಣೆ ಮುಟ್ಟಿ ನೋಡಿದ. ವ್ಯವಹಾರ ಒಂದೊಂದಾಗಿ ಅವನ ಗಾದಿಗೆ ದಾಟಿತು. ನನಗೆ ಉಳಿದದ್ದು ತೌಡು, ನುಚ್ಚು, ಲಾರಿ ಬಾಡಿಗೆ ಮಾತಾಡುವ ಕೆಲಸ.

ಅಂಕಿ ಮತ್ತೆ ಇಳಿಯತೊಡಗಿತು.

ಹುಮ್ಮಸ್ಸು ಹೇಗೆ ಉಳಿಸಿಕೊಂಡಿರಿ ಎಂದು ಈಗಲೂ ಕೆಲವರು ಕೇಳುತ್ತಾರೆ. ಹುಮ್ಮಸ್ಸು ಇರಲಿಲ್ಲ. ಹಸಿವು ಇತ್ತು, ಸಿಟ್ಟು ಇತ್ತು, ಮಿಲ್ಲಿನಿಂದ ಬರುವ ಅನ್ನದ ವಾಸನೆ ಇತ್ತು. ಮನಸ್ಸು ಮುರಿದ ದಿನ ನಾನು ಕೊಪ್ಪಳದ ಬಸ್ಸು ಹತ್ತುತ್ತಿದ್ದೆ. ಡಯಾಲಿಸಿಸ್‌ಗೆ ಕೂಡಿಸುವ ಮೊದಲು ಅಕ್ಕನ ತೂಕ ನೋಡುತ್ತಾರೆ, ಮುಗಿದ ಮೇಲೆ ಮತ್ತೆ ನೋಡುತ್ತಾರೆ. ಮೈಯಲ್ಲಿ ನಿಂತ ನೀರು ಎಷ್ಟು ಹೋಯಿತು ಎಂದು ತಿಳಿಯಲು. ಅದೇ ಯಂತ್ರದ ಮೇಲೆ ನಾನೂ ನಿಲ್ಲುತ್ತಿದ್ದೆ. ಅಲ್ಲಿಯ ನರ್ಸಮ್ಮ ಮೊದಲು ಬೈದಳು, ಆಮೇಲೆ ತಾನೇ ಕರೆದು ನಿಲ್ಲಿಸುತ್ತಿದ್ದಳು.

"ನಾ ನಾಕು ತಾಸಿನ್ಯಾಗ ಎರಡೂವರಿ ಕೆಜಿ ಇಳಸತೀನಿ" ಎನ್ನುತ್ತಿದ್ದಳು ಅಕ್ಕ ಕುರ್ಚಿಯ ಮೇಲಿಂದ. "ನೀ ತಿಂಗಳಾತು, ಅಷ್ಟು ಇಳಸವಲ್ಲಿ. ಬಾ, ನನ್ನ ಬಾಜೂ ಕುರ್ಚಿಗೆ ಹಚ್ಚಸತೀನಿ!"

ಪಕ್ಕದ ಕುರ್ಚಿಗಳವರೂ ನಗುತ್ತಿದ್ದರು. ಅವಳ ಕೈಯ ನರದಿಂದ ರಕ್ತ ಹೊರಗೆ ಹೋಗಿ ಮರಳಿ ಬರುವ ಆ ನಾಲ್ಕು ತಾಸು ನಾನು ಆಸ್ಪತ್ರೆಯ ಕಂಪೌಂಡು ಸುತ್ತುತ್ತಿದ್ದೆ. ಕಿಟಕಿಯ ಎದುರು ಬಂದಾಗಲೆಲ್ಲ ಅವಳು ಇನ್ನೊಂದು ಕೈ ಎತ್ತಿ "ನಡಿ, ನಡಿ" ಎಂದು ಸನ್ನೆ ಮಾಡುತ್ತಿದ್ದಳು. ಪ್ರತಿ ಸಲ ಬೀಳ್ಕೊಡುವಾಗ ಒಂದೇ ಪ್ರಶ್ನೆ: "ಇನ್ನ ಎಷ್ಟು ಉಳದೈತೋ?" ನಾನು ಹೇಳುತ್ತಿದ್ದೆ. ಅವಳು ತಲೆ ಆಡಿಸುತ್ತಿದ್ದಳು.

ಕಡೆಗೂ ಒಂದು ದಿನ ಹುಬ್ಬಳ್ಳಿಯ ಯಂತ್ರ ಡಾಕ್ಟರು ಹೇಳಿದ ಅಂಕಿಯನ್ನು ತೋರಿಸಿತು. ಸಕ್ಕರೆಯೂ ಇಳಿದಿತ್ತು, ರಕ್ತವೂ ಸರಿಯಿತ್ತು. ಅಕ್ಕನಿಗೆ ಸುಸ್ತು ಹೆಚ್ಚಾಗಿದ್ದರಿಂದ ಆ ದಿನ ನಾನೊಬ್ಬನೇ ಹೋಗಿದ್ದೆ. ಡಾಕ್ಟರು ಕೈ ಕೊಟ್ಟರು. "ಕಿಡ್ನಿ ಕೊಡಾಕ ಒಪ್ಪಿಗಿ ಕೊಡೋ ಕಮಿಟಿ ಮುಂದ ಕಾಗದ ಇಡತೀವಿ. ತಾರೀಖು ಗೊತ್ತಾದ ಕೂಡಲೆ ಫೋನ್ ಮಾಡತೀನಿ" ಎಂದರು.

ನಮ್ಮ ಗಂಜಿನಲ್ಲಿ ಒಂದು ಪದ್ಧತಿ ಇದೆ. ಮಾಲು ತೂಗಿ, ಲಾರಿಗೆ ಏರಿ, ಮೇಲೆ ಹಗ್ಗ ಬಿಗಿಯುವ ತನಕ ಸೌದಾ ಆಯಿತು ಎಂದು ಯಾರೂ ಬಾಯಿ ಬಿಡುವುದಿಲ್ಲ. ಮೊದಲೇ ಆಡಿದರೆ ಮುರಿಯುತ್ತದೆ ಎನ್ನುತ್ತಾರೆ. ಮುರಿದದ್ದನ್ನು ನಾನೂ ಕಂಡಿದ್ದೇನೆ. ತಾರೀಖು ಕೈಗೆ ಬರಲಿ, ಆಮೇಲೆ ಅಕ್ಕನ ಮುಂದೆ ಹೋಗಿ ತೂಕ ಮುಗಿದದ್ದು, ತಾರೀಖು, ಎರಡನ್ನೂ ಒಟ್ಟಿಗೆ ಹೇಳೋಣ ಎಂದುಕೊಂಡೆ. ಹೆಂಡತಿಗೂ ಹೇಳಲಿಲ್ಲ.

ಆ ವಾರ ಕೊಪ್ಪಳದಲ್ಲಿ ಅಕ್ಕ ಕುರ್ಚಿಯಿಂದ ಇಳಿದು ಗೋಡೆ ಹಿಡಿದು ನಿಂತಿದ್ದಳು. ನನ್ನ ಅಂಗಿಯ ಕಾಲರು ಎಳೆದು ಸರಿ ಮಾಡಿದಳು. ಅಂಗಿ ಹೆಗಲಿಂದ ಜಾರುತ್ತಿತ್ತು.

"ಇನ್ನ ಎಷ್ಟು ಉಳದೈತೋ?"

"ಇನ್ನೊಂಚೂರು ಐತಕ್ಕ" ಎಂದೆ.

"ಒಂಚೂರ ಅಲ್ಲೇನು? ಆಗತೈತಿ ಬಿಡು" ಎಂದಳು. ಯಲಬುರ್ಗಾದ ಬಸ್ಸು ಹತ್ತಿಸಿದೆ. ಕಿಟಕಿಗೆ ತಲೆಯಿಟ್ಟು ಕಣ್ಣು ಮುಚ್ಚಿದಳು.

ಎರಡು ದಿನಕ್ಕೆ ಅಕ್ಕನ ಗಂಡನ ಫೋನು ಬಂತು. ಚಳಿ ಬಂದು ನಡುಗುತ್ತಿದ್ದಾಳೆ, ಜ್ವರ ಇಳಿಯುತ್ತಿಲ್ಲ, ಕೊಪ್ಪಳಕ್ಕೆ ತರುತ್ತಿದ್ದೇವೆ ಎಂದರು. ನಾನು ಕೊಪ್ಪಳ ಮುಟ್ಟುವ ಹೊತ್ತಿಗೆ ಅವಳನ್ನು ಹುಬ್ಬಳ್ಳಿಗೆ ಒಯ್ಯುವ ಅಂಬುಲೆನ್ಸು ಸಿದ್ಧವಾಗಿತ್ತು. ರಕ್ತಕ್ಕೆ ಸೋಂಕು ಏರಿದೆ ಎಂದರು. ದಾರಿಯುದ್ದಕ್ಕೂ ಅವಳ ಕಿವಿಯ ಹತ್ತಿರ ಬಾಯಿಟ್ಟು, "ಅಕ್ಕಾ, ಮುಗೀತು, ಇಳಿಸಿ ಮುಗಿಸೀನಿ, ಡಾಕ್ಟ್ರು ಹೂಂ ಅಂದಾರ" ಎಂದು ಹೇಳುತ್ತಲೇ ಇದ್ದೆ. ಅವಳ ರೆಪ್ಪೆ ಕದಲಲಿಲ್ಲ. ಜೊತೆಗಿದ್ದ ಅಂಬುಲೆನ್ಸಿನವನು, "ಅವರಿಗೆ ಎಚ್ಚರಿಲ್ರಿ" ಎಂದ. ನಾನು ಹೇಳುವುದನ್ನು ನಿಲ್ಲಿಸಲಿಲ್ಲ. ಮತ್ತೆ ಅವಳಿಗೆ ಎಚ್ಚರ ಬರಲೇ ಇಲ್ಲ.

ಮೊದಲೇ ಹೇಳಿದ್ದರೆ ಅವಳು ಉಳಿಯುತ್ತಿದ್ದಳು ಎಂದು ನಾನು ಹೇಳುವುದಿಲ್ಲ. ಸೋಂಕು ಮಾತು ಕೇಳುವುದಿಲ್ಲ. ಆದರೆ ಅವಳು ತಿಳಿದುಕೊಂಡು ಹೋಗುತ್ತಿದ್ದಳು.

ಯಲಬುರ್ಗಾದಲ್ಲಿ ಮಣ್ಣಿಗೆ ಒಯ್ಯುವ ದಾರಿ ಏರು. ಹಿಂದೆ ಯಾರದೋ ಮಣ್ಣಿಗೆ ಹೋದಾಗ ಬರಿಗೈಯಲ್ಲಿ ಆ ಏರು ಹತ್ತಲಾಗದೆ ನಾನು ಅರ್ಧದಲ್ಲೇ ಕುಳಿತುಬಿಟ್ಟಿದ್ದೆ. ಅಂದು ಅಕ್ಕನಿಗೆ ಮನೆಯಿಂದ ಕೊನೆಯ ತನಕ ಹೆಗಲು ಕೊಟ್ಟೆ. ಬದಲಿ ಬರುತ್ತೇನೆ ಎಂದವರಿಗೆ ಬಿಡಲಿಲ್ಲ. ಒಮ್ಮೆಯೂ ಉಸಿರು ಕಟ್ಟಲಿಲ್ಲ, ಮೊಳಕಾಲು ಹಿಡಿಯಲಿಲ್ಲ. ಅಷ್ಟು ಕಷ್ಟಪಟ್ಟು ತಯಾರು ಮಾಡಿದ ಮೈ ಅವಳ ಉಪಯೋಗಕ್ಕೆ ಬಂದದ್ದು ಅದೊಂದಕ್ಕೆ.

ಹುಬ್ಬಳ್ಳಿಯ ಡಾಕ್ಟರ ಫೋನು ಆಮೇಲೆ ಬಂತು. ಅವರಿಗೆ ವಿಷಯ ಮುಟ್ಟಿತ್ತು. ತಾರೀಖಿನ ಮಾತು ಅವರೂ ತೆಗೆಯಲಿಲ್ಲ, ನಾನೂ ಕೇಳಲಿಲ್ಲ. "ಇಳಿಸಿದ್ದನ್ನ ಏರಸಬ್ಯಾಡ್ರಿ" ಎಂದಷ್ಟೇ ಹೇಳಿದರು.

ಏರಿಸಿದೆ. ಯಾರಿಗಾಗಿ ಎಂಬುದೇ ಇಲ್ಲದ ಮೇಲೆ ಕಾಲುವೆ ಏರಿಯ ಕಡೆಗೆ ಕಾಲು ಹೋಗಲಿಲ್ಲ. ಹೆಂಡತಿ ರೊಟ್ಟಿ ಬಡಿದರೆ ಅನ್ನ ಕೇಳುತ್ತಿದ್ದೆ. ಚೀಲದ ಕಾಲುಭಾಗ ಮರಳಿ ಮೈಗೆ ಬಂತು. ಒಂದು ಮುಂಜಾನೆ ಅವಳೇ ನನ್ನ ಬೂಟನ್ನು ಕಾಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ನೀವು ಬರಲ್ಲಂದ್ರ ನಾ ಹೋಗತೀನ್ರಿ. ನನಗೂ ಮೈ ಬಂದೈತಿ. ನಾಳೆ ನಿಮಗ ಏನರ ಆದ್ರ ಯಾರು ಕೊಡಬೇಕು?" ಆ ಬೂಟು ಅವಳಿಗೆ ಬಹಳ ದೊಡ್ಡದಾಗಿತ್ತು. ಅಂದಿನಿಂದ ಇಬ್ಬರೂ ನಡೆಯುತ್ತೇವೆ. ಅವಳು ಮುಂದೆ, ನಾನು ಹಿಂದೆ.

ಇಷ್ಟು ಓದಿದ ಮೇಲೆ ನನ್ನ ಸಲಹೆಯನ್ನೂ ತೆಗೆದುಕೊಂಡು ಹೋಗಿ. ತೂಕ ನಿಂತುಹೋದರೆ ತಾಟು ನೋಡಬೇಡಿ, ನಿಮ್ಮ ಕೆಲಸ ನೋಡಿ. ಅಡುಗೆ ಮಾಡುವವರು ಉಪ್ಪು ನೋಡುತ್ತ ತಿನ್ನುತ್ತಾರೆ, ಚಹಾದಂಗಡಿಯವರು ಹದ ನೋಡುತ್ತ ಕುಡಿಯುತ್ತಾರೆ, ತಾಯಂದಿರು ಮಕ್ಕಳ ತಾಟಿನಲ್ಲಿ ಉಳಿದದ್ದನ್ನು ತಿನ್ನುತ್ತಾರೆ. ಇದ್ಯಾವುದನ್ನೂ ಊಟ ಎಂದು ನಾವು ಎಣಿಸುವುದಿಲ್ಲ. ಒಂದು ದಿನ ಯಾರನ್ನಾದರೂ ಪಕ್ಕದಲ್ಲಿ ಕೂಡಿಸಿಕೊಂಡು ನಿಮ್ಮ ಬಾಯಿ ನೋಡಲು ಹೇಳಿ. ನೀರು ಬಿಟ್ಟು ತೂಕ ಇಳಿಸಬೇಡಿ, ಅದು ಯಂತ್ರಕ್ಕೆ ಮೋಸ, ಮೈಗೆ ಪೆಟ್ಟು. ಡಾಕ್ಟರನ್ನು ಕೇಳಿ ಶುರು ಮಾಡಿ. ಮನೆಯಲ್ಲಿ ಎಲ್ಲರೂ ಗಟ್ಟಿಯಾಗಿ ಇರುವಾಗಲೇ ಶುರು ಮಾಡಿ. ಒಬ್ಬರಿಗೆ ನಿಮ್ಮ ಮೈ ಬೇಕಾದ ದಿನ ಶುರು ಮಾಡಿದರೆ ಮೈ ತನ್ನ ಹೊತ್ತು ತೆಗೆದುಕೊಳ್ಳುತ್ತದೆ, ಅವರ ಹತ್ತಿರ ಅಷ್ಟು ಹೊತ್ತು ಇರುವುದಿಲ್ಲ.

ಅಕಸ್ಮಾತ್ ಯಾರಿಗಾಗಿಯೋ ಇಳಿಸುತ್ತಿದ್ದರೆ, ಇಳಿದ ಅರ್ಧ ಕೆಜಿಯನ್ನೂ ಅಂದೇ ಅವರಿಗೆ ಹೇಳಿಬಿಡಿ. ಪೂರಾ ಆಗಲಿ ಎಂದು ಕಾಯಬೇಡಿ. ಫೋನಿದ್ದರೆ ಫೋನಿನಲ್ಲಿ, ಎದುರಿಗಿದ್ದರೆ ಎದುರಿಗೆ. ಅವರಿಗೆ ಕೇಳಿಸುತ್ತಿರುವಾಗಲೇ ಹೇಳಿ.